ಬದು

ಚಿಂತಾಮಣಿ ಕಾಲೇಜಿನ ಹಿಂಬದಿಯ ಕೋಣೆ. ಗಾಜಿನ ಹಲಗೆ,
ನೀರು, ಆರುನೂರರ ಕಾರ್ಬೊರಂಡಮ್ ಪುಡಿ.
ಇಪ್ಪತ್ತೆಂಟು ವರ್ಷ ನಾನು ಮಾಡಿದ್ದು ಇಷ್ಟೇ:
ಕಲ್ಲನ್ನು, ಬೆಳಕು ದಾಟುವಷ್ಟು ತೆಳ್ಳಗೆ ತೇಯುವುದು.

ಎಂಟು ಬರೆದ ಹಾಗೆ ಕೈ ಆಡಬೇಕು, ಎಲ್ಲೂ ಒತ್ತದೆ.
ಒಂದು ಸುತ್ತು ಹೆಚ್ಚಾದರೆ ಕಲ್ಲೇ ಇಲ್ಲ,
ಗಾಜಿನ ಮೇಲೆ ಬರೀ ಅಂಟು.
ಬೆರಳಿನ ಗೆರೆಯೂ ಸವೆದು ಹೋಗಿ
ರೇಷನ್ ಅಂಗಡಿಯ ಮಿಷಿನ್ನು ನನ್ನನ್ನು ನಂಬುವುದಿಲ್ಲ.
ಇರಲಿ.

ಆವತ್ತು ತೇಯ್ದದ್ದು ಗುಡಿಬಂಡೆ ಕಡೆಯ ಕಪ್ಪು ಕಲ್ಲು.
ನೋಡಿ ನೋಡಿ ಎಂದರು ಶಾಹೀನಾ ಮೇಡಂ,
ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ;
ಆಮೇಲೆ ನೆನಪಾಗಿ ಪಕ್ಕಕ್ಕೆ ಸರಿದರು.

ನಡುವೆ ಒಂದು ಆಲಿವಿನ್, ಮೈಯೆಲ್ಲ ಬಿರುಕು.
ಹೊರಗೆ ಪ್ಲೇಜಿಯೋಕ್ಲೇಸ್, ಪಟ್ಟೆ ಪಟ್ಟೆ ಲುಂಗಿ.
ಒಂದನ್ನೊಂದು ಎಲ್ಲೂ ಮುಟ್ಟಿಲ್ಲ.
ನಡುವೆ ಒಂದು ಬಳೆ, ಬಳೆಯ ಹೊರಗೆ ಇನ್ನೊಂದು:
ಗಾಜು ಅಡ್ಡ ಹಾಕಿ ತಟ್ಟೆ ಎಷ್ಟು ತಿರುಗಿಸಿದರೂ
ಕಪ್ಪಾಗೇ ಉಳಿಯುವ ಗಾರ್ನೆಟ್.

ಮೊದಲು ಮುಟ್ಟಿಕೊಂಡೇ ಇದ್ದವು, ಎಂದರು ಮೇಡಂ.
ಮೂವತ್ತು ಕಿಲೋಮೀಟರ್ ಕೆಳಗೆ, ಕರಗಿದ್ದು ಹೆಪ್ಪುಗಟ್ಟಿ,
ಬಿಸಿ ಇರುವ ತನಕ ಸುಮ್ಮನೇ ಇದ್ದವು.
ಆರುತ್ತಾ ಬಂದಾಗ, ಮೇಲಿನ ಭಾರ ಮಾತ್ರ ಇಳಿಯದಾಗ,
ಅಕ್ಕಪಕ್ಕ ಇರಲಾಗಲಿಲ್ಲ.
ಇದು ತನ್ನ ಮೆಗ್ನೀಸಿಯಂ ಬಿಟ್ಟುಕೊಟ್ಟಿತು, ಅದು ತನ್ನ ಸುಣ್ಣ.
ಎರಡೂ ಹೊಲದ ಮಣ್ಣೆಳೆದು ಎದ್ದ ಬದು ಇದು,
ಕೂದಲೆಳೆ ದಪ್ಪಕ್ಕೆ ಎಷ್ಟು ಲಕ್ಷ ವರ್ಷವೋ.
ಬದು ದಪ್ಪವಾದಷ್ಟೂ ದಾಟುವುದು ನಿಧಾನ.
ಕೊನೆಗೆ, ಕೂಡಿದ್ದರಿಂದ ಹುಟ್ಟಿದ್ದೇ
ಕೂಡದಂತೆ ಅಡ್ಡ ನಿಂತಿತು.

ಹಾಗಾದರೆ ಒಳಗಿನದು ಮುಗಿಯಲಿಲ್ಲವಾ? ಕೇಳಿದೆ.
ಮುಗಿಯೋಕೆ ಪುರುಸೊತ್ತು ಸಿಗಲಿಲ್ಲ. ತಣ್ಣಗಾಯ್ತು.

ಪಾಪಕ್ಕನನ್ನು ಗೋರಂಟ್ಲ ಕಡೆಯಿಂದ ತಂದರು ನನಗೆ.
ಅವಳಿಗೆ ತೆಲುಗು ಬಿಟ್ಟು ಇನ್ನೊಂದು ಬಾರದು,
ಕುಣಿಗಲ್ಲಿನ ನನ್ನವ್ವನಿಗೆ ಕನ್ನಡ ಬಿಟ್ಟು.
ಉಪ್ಪು ಮಾತ್ರ ಇಬ್ಬರಿಗೂ ಉಪ್ಪೇ;
ಮಿಕ್ಕಿದ್ದಕ್ಕೆಲ್ಲ ಕೈಸನ್ನೆ, ಇಲ್ಲವೇ ಜಗಳ.
ಹತ್ತು ವರ್ಷಕ್ಕೆ ಒಲೆಯ ಮುಂದೆ ಒಂದು ಮಾತು ಎದ್ದಿತು,
ಯಾವ ಊರಿನದೂ ಅಲ್ಲ:
‘ಅನ್ನಂ ಮಾಡೇಸ್ತೀನಿ, ಕೂರ್ಚೋ.’
ಅವ್ವ ಹೋದಳು. ನಾವಿಬ್ಬರೂ ಈಗಲೂ ಅದನ್ನೇ ಆಡುತ್ತೇವೆ,
ಅದರಾಚೆ ಹೆಜ್ಜೆ ಇಡುವುದಿಲ್ಲ.

ರಾತ್ರಿ ನಿದ್ದೆಯಲ್ಲಿ ಮಾತಾಡುತ್ತಾಳೆ ಪಾಪಕ್ಕ.
ಅಚ್ಚ ತೆಲುಗು, ನನ್ನ ಕಿವಿಗೆ ಸಿಗದ ವೇಗ.
ಯಾರನ್ನೋ ಬಾವಿಕಟ್ಟೆಗೆ ಕರೆಯುತ್ತಾಳೆ,
ಯಾವುದಕ್ಕೋ ನಗುತ್ತಾಳೆ, ಹನ್ನೆರಡು ವರ್ಷದ ಹುಡುಗಿಯ ನಗು.
ಬೆಳಗ್ಗೆ ಕೇಳಿದರೆ ನೆನಪಿಲ್ಲ ಅನ್ನುತ್ತಾಳೆ, ನಮ್ಮ ಆ ಮಾತಿನಲ್ಲೇ.

ನಾನು ಎಬ್ಬಿಸುವುದಿಲ್ಲ.
ದೀಪವನ್ನೂ ಹಾಕುವುದಿಲ್ಲ.