ಕೌಲ್ ಬಜಾರಿನ ಬಹುವಚನ

ಮೂವತ್ತೆಂಟು ನೋಟ್‌ಬುಕ್ಕು. ವಿಷಯ: ನಮ್ಮ ಮನೆಮಂದಿ.
ಕಿಟಕಿಯಾಚೆ ಗಲ್ಲಿಯಲ್ಲಿ ಜೀನ್ಸ್ ಹೊಲಿಯುವ ಮಷೀನುಗಳು
ಕರೆಂಟು ಬಂದದ್ದೇ ತಡ ಒಟ್ಟಿಗೇ ಶುರುವಾಗುತ್ತವೆ.
ನನ್ನ ಕೆಂಪು ಪೆನ್ನೂ ಅದೇ ಓಟಕ್ಕೆ ಬಿದ್ದಿದೆ:
ಶಿ ಗೋ. ದೇ ಗೋಸ್. ಹಿ ಹ್ಯಾವ್. ಐ ಹ್ಯಾಸ್.

ಎಸ್ ಎಂಬ ಆ ಒಂದು ಹುಳ
ಇರಬೇಕಾದಲ್ಲಿ ಇಲ್ಲ, ಇರಬಾರದ ಕಡೆ ಹರಿದಾಡುತ್ತದೆ.
ಹೆಸರು ಹತ್ತಾದರೆ ಎಸ್ ಹಚ್ಚಿರಿ,
ಅದೇ ಹತ್ತು ಮಂದಿ ಕೆಲಸ ಮಾಡಿದರೆ ಕ್ರಿಯಾಪದದ ಎಸ್ ಬಿಚ್ಚಿರಿ
ಎಂದು ಹೇಳಿಕೊಟ್ಟವಳು ನಾನೇ.
ಹೇಳುವಾಗ ನನಗೇ ನಗು ಬಂದಿತ್ತು.
ಗುಂಡಿ ಹಚ್ಚುವವರ ಮಕ್ಕಳು ಇವರು,
ಹಚ್ಚಿದ್ದನ್ನು ಬಿಚ್ಚಿ ಮತ್ತೆ ಹಚ್ಚುವುದು ಕಂಡವರೇ.

ಮಾರೆಕ್ಕನ ಮನೆಯಲ್ಲಿ ತೆಲುಗು. ಅಲ್ಲಿ ಅಕ್ಕ ಬಂದರೂ
ಸಿಟಿ ಬಸ್ಸು ಬಂದರೂ ಮಾತು ಒಂದೇ, ವಚ್ಚಿಂದಿ.
ಹೊನ್ನೂರ್‌ಬಿಯದು ದಖನಿ. ಅಬ್ಬಾ ಆತೇ, ತಮ್ಮ ಆತಾ.
ಎರ್ರಿಸ್ವಾಮಿಯದು ಕನ್ನಡ, ಅದೂ ನಮ್ಮ ಕಡೆಯದು:
ಅಪ್ಪ ಬಂದ್ರು, ಅವ್ವ ಬಂದ್ಲು.
ಇಷ್ಟೆಲ್ಲ ಬಾಯಲ್ಲಿಟ್ಟುಕೊಂಡು ಒಂದೇ ಬೆಂಚಿನಲ್ಲಿ ಕೂತು
ಒಂದೇ ತಪ್ಪು ಬರೆದಿದ್ದಾರೆ ಮೂವರೂ.
ಮೈ ಫಾದರ್ ಆರ್ ಎ ಡ್ರೈವರ್.
ಮೈ ಫಾದರ್ ಆರ್ ಇನ್ ವಾಷಿಂಗ್ ಯೂನಿಟ್.
ಮೈ ಫಾದರ್ ಆರ್ ವೆರಿ ಆಂಗ್ರಿ.

ಸುತ್ತು ಹಾಕಿದೆ. ಮೇಲೆ ಈಸ್ ಬರೆದೆ.

ಮರುದಿನ ಎರ್ರಿಸ್ವಾಮಿ ಎದ್ದು ನಿಂತ.
"ಮಿಸ್, ನಾ ಒಬ್ನೇ ಇದ್ರೂ ನೀವು ಯೂ ಆರ್ ಅಂತೀರಿ.
ನಮ್ಮ ಓಣಿ ನಾಯಿಗೂ ಯೂ ಆರ್ ಅನಬೇಕು.
ನಮ್ಮಪ್ಪಗ ಆರ್ ಅಂದ್ರ ಮಾತ್ರ ಅರ್ಧ ಮಾರ್ಕ್ ಹೊಡದೀರಿ."
ಕ್ಲಾಸು ನಕ್ಕಿತು. ನಾನು ಡಸ್ಟರು ಹುಡುಕಿದೆ.
ಎದುರಿಗೆ ನಿಂತವರಿಗಷ್ಟೇ ಮರ್ಯಾದೆ, ಬೆನ್ನ ಹಿಂದೆ ಇಲ್ಲ,
ಇಂಗ್ಲಿಷಿನ ಹಣೆಬರಹ ಅಷ್ಟೇನೋ ಎಂದುಕೊಂಡೆ.
ಹೇಳಲಿಲ್ಲ.

ರಾತ್ರಿ ನಿದ್ದೆಗೆಡಿಸಿದ್ದು ತಪ್ಪುಗಳಲ್ಲ, ಸರಿ ಇದ್ದವು.
ಮೈ ಮದರ್ ಈಸ್. ಮೈ ಮದರ್ ಈಸ್. ಮೈ ಮದರ್ ಈಸ್.
ಪುಟಪುಟಕ್ಕೂ ಟಿಕ್ಕು ಹಾಕುತ್ತ ಬಂದಿದ್ದೆನಲ್ಲ,
ವ್ಯಾಕರಣ ಕಲಿತು ಸರಿ ಬರೆದದ್ದಲ್ಲ ಅದು.
ಅವ್ವ ಅಂದರೆ ಹುಟ್ಟಿದಾಗಿಂದ ಏಕವಚನ;
ಇಂಗ್ಲಿಷು ಅಡ್ಡ ಬರಲಿಲ್ಲ, ಅಷ್ಟೆ.
ನಾನೂ ಹಾಗೇ ಬರೆದು ಫುಲ್ ಮಾರ್ಕು ತೆಗೆದವಳು.

ಕಟ್ಟಕಡೆಯ ನೋಟ್‌ಬುಕ್ಕು ಗಾದಿಲಿಂಗನದು.
ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಕೂತ ಹುಡುಗ,
ಪುಟದ ಅಂಚಿಗೂ ಅದೇ ನೀಲಿ.
ಮೈ ಮದರ್ ಆರ್ ಸ್ಟಿಚಿಂಗ್ ಪ್ಯಾಂಟ್.
ದೇ ಸ್ಲೀಪ್ ಟೂ ಓ ಕ್ಲಾಕ್.

ಕರೆದು ಕೇಳಿದೆ, ಎಷ್ಟು ಮಂದಿನೋ ನಿನಗೆ ಅವ್ವಂದಿರು?
"ಒಬ್ರೇ ರೀ, ಮಿಸ್."
ಒಬ್ಬಾಕಿ ಅನ್ನಲಿಲ್ಲ.

ಬೋರ್ಡ್ ಪರೀಕ್ಷೆಯಲ್ಲಿ ನಡೆಯುವ ಮಾತಲ್ಲ ಇದು.
ಆರ್ ಹೊಡೆದೆ, ಈಸ್ ಬರೆದೆ, ಅರ್ಧ ಮಾರ್ಕು ಕಳೆದೆ.
ಗೆರೆ ಮಾತ್ರ ಮೆಲ್ಲಗೆ ಎಳೆದೆ,
ಕೆಳಗಿನದು ಓದಲು ಬರುವ ಹಾಗೆ.

ಮಧ್ಯಾಹ್ನ ಸಿರುಗುಪ್ಪಕ್ಕೆ ಫೋನು ಹಚ್ಚಿದೆ.
ಅಕ್ಕಿ ಗಿರಣಿಯಲ್ಲಿ ಕಲ್ಲು ಆರಿಸುತ್ತಾಳೆ ನನ್ನ ಅವ್ವ.
ಮೂವತ್ತನಾಲ್ಕು ವರ್ಷ ಉಂಡೀ ಏನವ್ವಾ ಎಂದ ನಾಲಿಗೆ
ಎರಡು ಸಲ ಎಡವಿ, ಕೊನೆಗೆ
"ಊಟ ಮಾಡಿದ್ರೇನವ್ವಾ?" ಅಂದಿತು.
ಆ ಕಡೆ ಬೆಲ್ಟಿನ ಸದ್ದು, ಮೊರದ ಸದ್ದು.
ತಡೆದು ಬಂತು ಉತ್ತರ:
"ಹ್ಞೂಂ, ಎಲ್ಲಾರದೂ ಆತು. ಹುಲಿಗೆಮ್ಮ ಪುಂಡಿಪಲ್ಯ ತಂದಿದ್ಲು.
ತಡಿ, ಕೇಳ್ತೀನಿ.
ಏ, ಯಾರ್ದಾರ ಊಟ ಬಾಕಿ ಐತೇನ್ರೇ?
ನನ್ ಮಗಳು ಕೇಳಾಕತ್ಯಾಳ."