ಐದು ಮನೆ

ಪಾರ್ಸಲ್ ಆಫೀಸಿನ ಗಂಗಮಾಳಮ್ಮ
ಪೆನ್ಸಿಲ್ ಇಡುವುದು ತುರುಬಿನಲ್ಲಿ.
ಕಡೂರಿನ ಗಾಡಿ ತಡವಾದಷ್ಟೂ
ನಮ್ಮ ಪದಬಂಧ ಮುಂದೆ ಹೋಗುತ್ತಿತ್ತು.

‘ಬಯ್ಯಿ; ಮೇಲೆ ರೈಲು ಹೋಗಲಿ. ಎರಡು ಮನೆ.’
‘ಜರಿ’ ಎಂದು ತುಂಬಿದೆ.
“ಅದು ಸೀರೆಗಾಯ್ತು, ರೈಲಿಗೆ?”
ಪೆನ್ಸಿಲ್ ತುದಿ ಪ್ಲಾಟ್‌ಫಾರ್ಮಿನಂಚಿಗೆ ಚಾಚಿದರು.
ಹಳಿ!

ಅಂದಿನಿಂದ ಯಾವ ಪದವನ್ನೂ
ಅದರ ಮುಖ ನೋಡಿ ನಂಬಲಿಲ್ಲ.
ಸರವನ್ನು ಹಿಂದಿನಿಂದ ಹಿಂಡಿ ರಸ ತೆಗೆದೆ.
ಬಾಣಾವರ ಬಂದರೆ ಬಾಣ ಬೇರೆ, ವರ ಬೇರೆ.
ಅಮ್ಮ ಬೈದರೂ ಅಕ್ಷರ ಎಣಿಸಿದೆ.

ಇವತ್ತಿನದು ಮಾತ್ರ ಜಗ್ಗಲಿಲ್ಲ:
‘ರಾಣಿಯೋ, ಹುಡುಕಾಟವೋ, ಕಡೆಗೆ ನೀರು. ಐದು ಮನೆ.’
ನಡುವೆ ಒಂದು ‘ಸೀ’, ಅಷ್ಟೇ.
ಹಾಳೆ ತೂತಾಗುವವರೆಗೆ ಅಳಿಸಿದೆ.
ಗಾಡಿ ಬಂತು. “ಹೇಳಿಬಿಡಿ” ಅಂದೆ.
“ಹತ್ತಿ ಕೂತ್ಕೊ, ಕಾಣುತ್ತೆ.”

ಗಾಡಿ ಅಲುಗಿತು.
ಟೀ ಅಂಗಡಿ, ನಲ್ಲಿ, ಮಲಗಿದ ನಾಯಿ,
ಆಮೇಲೆ ಹಳದಿ ಹಲಗೆ
ಕಿಟಕಿಯೊಳಗೆ ನಿಧಾನ ನಡೆದು ಬಂತು,
ಕಪ್ಪಗೆ, ದಪ್ಪಗೆ ಐದಕ್ಷರ.
ದಿನಾ ಅದರ ಬುಡದಲ್ಲೇ ನಿಂತು
ಕಡಲೆಕಾಯಿ ಸುಲಿದಿದ್ದೆ!

ಕೂಗಿದೆ.
ಕೇಳಿಸಿತೋ ಇಲ್ಲವೋ,
ಆಕೆ ಪೆನ್ಸಿಲ್ ತುರುಬಿಗೆ ಸಿಕ್ಕಿಸಿ
ಒಳಗೆ ಹೋದರು.