ಮೂಗು ಸರಿಯಾಗಿತ್ತು

ಬರ್ನೊ ಊರಿನ ನೆಲಮಾಳಿಗೆಯ ಬಾರು, ಎಂಬತ್ತು ಕುರ್ಚಿ.
ಮೂರನೇ ಸಾಲಿನಲ್ಲಿ ಅಪ್ಪ, ಮದುವೆ ಮನೆಗಳ ಕೋಟು ತೊಟ್ಟು,
ಬಿಯರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಾನೆ
ಯಾರೋ ಕೊಟ್ಟುಹೋದ ಹಸುಗೂಸಿನ ಹಾಗೆ.
ಪಕ್ಕದಲ್ಲಿ ನಾನು, ಅವನ ದುಭಾಷಿ.
ಅಮ್ಮ ಬಂದಿಲ್ಲ. ಅಂಗಡಿ ಹತ್ತರವರೆಗೆ ತೆರೆದಿರಬೇಕು.

ಅಕ್ಕ ಮೈಕು ಎತ್ತಿಕೊಂಡಳು.
"ಎಲ್ಲರ ಅಪ್ಪಂದಿರೂ ದೇಶ ಬಿಟ್ಟು ಬರುತ್ತಾರೆ.
ನಮ್ಮಪ್ಪ ಹಾಯ್‌ಫೋಂಗಿನಿಂದ ಬಂದು
ಲೇತ್ ಮೆಷಿನ್ನಿನ ಮುಂದೆ ನಿಂತು ನಾಲ್ಕು ವರ್ಷ,
ಕರೆಸಿಕೊಂಡ ದೇಶವೇ ಇವನನ್ನು ಬಿಟ್ಟು ಹೋಯಿತು!"
ಅಪ್ಪ ಮೊಣಕೈ ತಿವಿದ: ಏನಂತೆ?
ಚೆಕೊಸ್ಲೊವಾಕಿಯಾ, ಅಂದೆ.
ಓ, ಅದಾ, ಅಂದ,
ಸತ್ತ ದೂರದ ನೆಂಟನ ಹೆಸರು ಕೇಳಿದವನಂತೆ.

ಆಮೇಲೆ ಖೆಬ್ ಗಡಿಯ ಸಂತೆ ಬಂತು,
ಕೆಂಪು ಟೊಪ್ಪಿಗೆಯ ಗಾರೆ ಕುಳ್ಳರು ಬಂದರು,
ಜರ್ಮನರ ಹೂದೋಟಕ್ಕೆಂದು ಅಪ್ಪ ಮಾರುತ್ತಿದ್ದವರು.
"ಮೈನಸ್ ಹದಿನೆಂಟು. ಗಡ್ಡವಿದ್ದದ್ದು ಕುಳ್ಳರಿಗೆ ಮಾತ್ರ.
ಗಿರಾಕಿಯೊಬ್ಬ ಸಾಲಿನುದ್ದಕ್ಕೂ ಬೆಲೆ ಕೇಳುತ್ತ ಬಂದು
ಅಲುಗದೆ ನಿಂತಿದ್ದ ಅಪ್ಪನದ್ದನ್ನೂ ಕೇಳಿದ.
ಅಪ್ಪ ಒಂದು ಕ್ಷಣ ಲೆಕ್ಕ ಹಾಕಿದ!"

"ನನಗೆ ಇಬ್ಬರು ತಾಯಂದಿರು.
ಒಬ್ಬಳು ಇನ್ನೊಬ್ಬಳಿಗೆ ತಿಂಗಳ ಸಂಬಳ ಕೊಡುತ್ತಿದ್ದಳು."
ಜನ ಮೇಜು ಗುದ್ದಿದರು.
ಇದನ್ನು ನಾನು ಅಪ್ಪನಿಗೆ ದಾಟಿಸಲಿಲ್ಲ.
ವಾರವೆಲ್ಲ ಲಿಬುಶೆ ಅಜ್ಜಿಯ ಮನೆಯಲ್ಲಿ ಲೆಂಕಾ ಆಗಿದ್ದು
ಭಾನುವಾರ ಉಯೆನ್ ಆಗಲು ಬರುತ್ತಿದ್ದ ಅಕ್ಕ
ಅಮ್ಮ 'ಉಂಡೆಯಾ' ಅಂದರೆ
ಅರ್ಥಕ್ಕಾಗಿ ಬಾಗಿಲ ಕಡೆ ತಿರುಗುತ್ತಿದ್ದಳಂತೆ,
ಅಷ್ಟರಲ್ಲಿ ಅಜ್ಜಿ ಮೆಟ್ಟಿಲಿಳಿದಾಗಿರುತ್ತಿತ್ತು.
ಅಮ್ಮ ಬರಿಗೈಯಲ್ಲಿ ತುತ್ತು ಕಲಸಿ, ಬಾಯಿಗಿಟ್ಟು, ಅಗಿದು, ನುಂಗಿ
ಹುಬ್ಬೇರಿಸುತ್ತಿದ್ದಳಂತೆ.
ನಮ್ಮ ಮನೆಯಲ್ಲಿ ಮೊದಲು ನಟಿಸಿ ನಗಿಸಿದವಳು ಅವಳೇ.

"ಒಂದು ರಾತ್ರಿ ತಲೆ ಬೋಳಿಸಿಕೊಂಡ ಹುಡುಗರು ಬಂದು
ಕುಳ್ಳರ ಮೂಗು ಒಡೆದರು.
ಅಪ್ಪ ಬೆಳಗಿನವರೆಗೆ ಅಂಟು ಹಚ್ಚಿದ, ಇವನದು ಅವನಿಗೆ, ಅವನದು ಇವನಿಗೆ.
ಬವೇರಿಯಾದ ತೋಟಗಳಲ್ಲಿ ಇವತ್ತಿಗೂ
ಒಬ್ಬನ ಮುಖ, ಇನ್ನೊಬ್ಬನ ಮೂಗು,
ನನ್ನ ಪಾಸ್‌ಪೋರ್ಟಿನ ಹಾಗೆ!"
ನಗು ಗೋಡೆಗೆ ಬಡಿದು ವಾಪಸು ಬಂತು.
'ಮೂಗು' ಅನ್ನುವ ಚೆಕ್ ಪದ ಅಪ್ಪನಿಗೆ ಗೊತ್ತು,
ಆಸ್ಪತ್ರೆಯಲ್ಲಿ ಕಲಿತದ್ದು.
ಅವನು ಲೋಟ ಕೆಳಗಿಟ್ಟ.
ಅಂದು ಒಡೆದವುಗಳಲ್ಲಿ ಒಂದು ಗಾರೆಯದಾಗಿರಲಿಲ್ಲ.
ಅಕ್ಕ ಅದನ್ನು ಹೇಳಲಿಲ್ಲ,
ನೀರು ಕುಡಿದು, ಟ್ರಾಮಿನ ಮಾತಿಗೆ ಹೋದಳು.

ಹೊರಗೆ, ಸೈಕಲ್ಲುಗಳ ಪಕ್ಕ, ಅವಳು ಅಪ್ಪನ ಮುಖ ನೋಡದೆ
ಮಫ್ಲರು ಸುತ್ತಿಕೊಳ್ಳುತ್ತಿದ್ದಳು.
ಅಪ್ಪ ಗಂಟಲು ಸರಿಮಾಡಿಕೊಂಡ.
"ಮೂಗು ಸರಿಯಾಗಿತ್ತು.
ಹದಿನಾಲ್ಕಕ್ಕೂ ಅದರದರದ್ದೇ.
ಲೇತ್ ಕೆಲಸದವನು ನಾನು, ಕೂದಲೆಳೆಯಷ್ಟೂ ತಪ್ಪುವವನಲ್ಲ."
ತಡೆದು, ಎಡಕ್ಕೆ ವಾಲಿದ ತನ್ನದನ್ನು ಉಜ್ಜಿಕೊಂಡ.
"ಆದರೂ ತಪ್ಪಿತು ಅಂತಲೇ ಹೇಳು. ನಗು ಬರುತ್ತೆ."

ಅಮ್ಮನಿಗೆ ಫೋನು ಮಾಡಿದೆವು.
ಎಷ್ಟು ಜನ? ಎಂಬತ್ತು.
ಟಿಕೇಟು? ಇನ್ನೂರೈವತ್ತು ಕ್ರೌನು.
ಆ ಕಡೆ ಕ್ಯಾಲ್ಕುಲೇಟರಿನ ಗುಂಡಿಗಳ ಸದ್ದು.
"ಇಪ್ಪತ್ತು ಸಾವಿರ! ಬರೀ ಮಾತಿಗೆ?
ಏನು ಮಾತದು, ನನಗೂ ಒಂದು ಹೇಳೇ..."
ಅಕ್ಕ ಬಾಯಿ ತೆರೆದಳು.
"ತಡಿ, ಗಿರಾಕಿ ಬಂದರು,"
ಅಂಗಡಿ ಬಾಗಿಲ ಗಂಟೆ,
ಯಾರಿಗೋ ಅಮ್ಮನ ಹರಕು ಚೆಕ್‌ನಲ್ಲಿ
ಶುಭರಾತ್ರಿ, ಚಿಲ್ಲರೆ ಇದೆಯಾ.